ಮರದ ಬಿಲ್ಲು, ಕಬ್ಬಿಣದ ಕೋವಿ

ಸಾಹಸಚಿತ್ರವೊಂದನ್ನು ನೋಡಿ ಬಂದವರು ಈಗ ಮೊದಲು ಆಡುವ ಮಾತು ಕಥೆಯನ್ನು ಕುರಿತದ್ದಲ್ಲ, ನಟನನ್ನು ಕುರಿತದ್ದೂ ಅಲ್ಲ. ಅವನ ಕೈಯಲ್ಲಿದ್ದ ಕೋವಿಯನ್ನು ಕುರಿತದ್ದು. ಅದು ಯಾವ ದೇಶದ್ದು, ನಿಮಿಷಕ್ಕೆ ಎಷ್ಟು ಗುಂಡು ಉಗುಳುತ್ತದೆ, ನಿಜವಾದದ್ದೋ ಅಚ್ಚಿನಲ್ಲಿ ಹೊಯ್ದದ್ದೋ ಎಂಬುದೇ ಚರ್ಚೆ. ಆಯುಧ ಅಸಲಿಯಂತೆ ಕಂಡರೆ ಚಿತ್ರ ಗೆದ್ದಿತು, ಆಟಿಕೆಯಂತೆ ಕಂಡರೆ ಸೋತಿತು ಎಂಬ ಅಳತೆಗೋಲು ನಮ್ಮ ನಡುವೆ ಸದ್ದಿಲ್ಲದೆ ರೂಢಿಗೆ ಬಂದಿದೆ. ಈ ಅಳತೆಗೋಲು ಸರಿಯೆ? ಕಲೆಯಲ್ಲಿ ಆಯುಧದ ನಿಜ ಇರುವುದಾದರೂ ಎಲ್ಲಿ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇದಕ್ಕೆ ತಪ್ಪು ಉತ್ತರ ಹೇಳಿಕೊಂಡದ್ದರಿಂದ ಚಿತ್ರೀಕರಣದ ಅಂಗಳಗಳಲ್ಲಿ ಜೀವಗಳು ಹೋಗಿವೆ; ನಮ್ಮ ತೆರೆಯ ಮೇಲೆ ಸಾವಿನ ಬೆಲೆಯೂ ಹೋಗಿದೆ.

ಈ ಪ್ರಶ್ನೆಯನ್ನು ಎತ್ತಲು ಕರ್ಕಿ ತಕ್ಕ ಸ್ಥಳವೆಂದೇ ನನ್ನ ಭಾವನೆ. ಹೊನ್ನಾವರ ತಾಲ್ಲೂಕಿನ ಈ ಊರಿನಲ್ಲಿ ನೆಲೆಸಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಎರಡು ಬಗೆಯ ಆಯುಧಗಳ ಪರಿಚಯವುಂಟು. ಒಂದು, ಘಟ್ಟದ ಬುಡದ ತೋಟಿಗರ ಮನೆಯ ಕೋವಿ. ಕಾಡುಹಂದಿಗಳಿಂದಲೂ ಮಂಗಗಳಿಂದಲೂ ಬೆಳೆಯನ್ನು ಕಾಯುವುದಕ್ಕೆಂದು ಪರವಾನಗಿ ಪಡೆದು ಇಟ್ಟುಕೊಂಡ ಒಂಟಿನಳಿಗೆಯ, ಜೋಡುನಳಿಗೆಯ ಕೋವಿಗಳವು. ಚುನಾವಣೆ ಬಂತೆಂದರೆ ಅವನ್ನು ಠಾಣೆಗೆ ಒಪ್ಪಿಸಿ ಬರಬೇಕು. ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ತರಬೇಕು. ಕೋವಿಯುಳ್ಳ ಮನೆಯಲ್ಲಿ ಅದರ ಬಗ್ಗೆ ಮಾತು ಕಡಿಮೆ. ಮಕ್ಕಳ ಕೈಗೆ ಸಿಗದಂತೆ ಅದನ್ನು ಮೇಲೆ ಇಡುತ್ತಾರೆ, ತೋಟಾಗಳನ್ನು ಬೇರೆ ಕಡೆ ಇಡುತ್ತಾರೆ. ಯಾರೂ ಅದನ್ನು ಹೆಗಲಿಗೇರಿಸಿ ಪೇಟೆಗೆ ಬರುವುದಿಲ್ಲ.

ಇನ್ನೊಂದು, ಯಕ್ಷಗಾನದ ಆಯುಧ. ಕರ್ಕಿಯ ಹೆಸರು ಆಟದ ಮೇಳಕ್ಕೂ ಇಲ್ಲಿನ ಹಾಸ್ಯಗಾರ ಮನೆತನಕ್ಕೂ ಅಂಟಿಕೊಂಡು ಬಂದದ್ದು. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಡಿದ ಆಟವೇ ಮರಾಠಿ ರಂಗಭೂಮಿಗೆ ಪ್ರೇರಣೆಯಾಯಿತೆಂದೂ, ಅದರ ಫಲವಾಗಿಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾಸ್ವಯಂವರ’ವನ್ನು ರಂಗಕ್ಕೆ ತಂದರೆಂದೂ ಹೇಳುವುದುಂಟು. ಆ ಮೇಳ ಕರ್ಕಿಯದೇ ಎಂಬುದು ನಮ್ಮ ಕಡೆಯವರ ಹೆಮ್ಮೆ. ನನಗೆ ಇದರಲ್ಲಿ ಕೌತುಕವೆನಿಸುವ ಅಂಶ ಬೇರೊಂದಿದೆ. ‘ಸೀತಾಸ್ವಯಂವರ’ವೆಂದರೆ ಒಂದು ಬಿಲ್ಲಿನ ಕಥೆ. ಸಭೆಯಲ್ಲಿದ್ದ ಅರಸರೆಲ್ಲ ಎತ್ತಲಾರದೆ ಸೋತ ಬಿಲ್ಲನ್ನು ಒಬ್ಬ ಹುಡುಗ ಎತ್ತಿ ಮುರಿಯಬೇಕು. ಅಂದು ರಂಗದ ಮೇಲಿದ್ದುದು ನಿಜವಾದ ಶಿವಧನುಸ್ಸಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅದನ್ನು ಭಾರವಾಗಿಸಿದ್ದು ರಾವಣ ಪಾತ್ರಧಾರಿಯ ತೋಳು, ಬೆನ್ನು, ಮುಖ. ಎತ್ತಲಾರದವನ ಅಭಿನಯದಿಂದ ಹಗುರವಾದ ಬಿಲ್ಲು ಭಾರವಾಗುತ್ತದೆ. ಒಂದು ಭಾಷೆಯ ಆಧುನಿಕ ರಂಗಭೂಮಿ ಇಂಥ ಹುಸಿ ಬಿಲ್ಲೊಂದರಿಂದ ಮೊದಲಾಯಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ನಮ್ಮ ಆಟದ ಯುದ್ಧವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಅರ್ಜುನನ ಕೈಯಲ್ಲಿ ಬಿಲ್ಲೂ ಇದೆ, ಬಾಣವೂ ಇದೆ. ಆದರೆ ಬಾಣ ಬಿಲ್ಲನ್ನು ಬಿಟ್ಟು ಹಾರುವುದೇ ಇಲ್ಲ. ಚಂಡೆಯ ಪೆಟ್ಟು, ಹೆಜ್ಜೆಯ ಬಿರುಸು, ಮುಖದ ಕೆಂಪು—ಇವುಗಳಲ್ಲಿಯೇ ಬಾಣ ಹೋಗಿ ನಾಟಬೇಕಾದಲ್ಲಿ ನಾಟುತ್ತದೆ. ಇದು ಬಡತನದಿಂದ ಹುಟ್ಟಿದ ಉಪಾಯವಲ್ಲ. ಭರತನ ನಾಟ್ಯಶಾಸ್ತ್ರ ಆಹಾರ್ಯವನ್ನು ವಿವರಿಸುವಾಗ, ರಂಗದ ಆಯುಧಗಳು ಹಗುರವಾದ ವಸ್ತುಗಳಿಂದ ಮಾಡಿದವಾಗಿರಬೇಕು, ಅವನ್ನು ನಿಜವಾಗಿ ಪ್ರಯೋಗಿಸಬಾರದು, ಸೂಚನೆಯಿಂದಲೇ ಪ್ರಹಾರವನ್ನು ತೋರಿಸಬೇಕು ಎಂಬ ಅರ್ಥದ ವಿಧಿಗಳನ್ನು ಹೇಳುತ್ತದೆ. ಭಾರ ಹೊತ್ತ ನಟ ದಣಿಯುತ್ತಾನೆ, ದಣಿದವನಿಂದ ಅಭಿನಯ ಸಾಗದು ಎಂಬುದು ಅದರ ಹಿಂದಿನ ವ್ಯವಹಾರಜ್ಞಾನ. ನಟನ ಮೈ ಕಾಯುವುದೂ ರಸ ಕಾಯುವುದೂ ಶಾಸ್ತ್ರಕಾರನಿಗೆ ಒಂದೇ ಕೆಲಸವಾಗಿ ಕಂಡಿದೆ.

ಶ್ರೀಶಂಕುಕ ಹೇಳಿದ ಚಿತ್ರತುರಗನ್ಯಾಯವೂ ಇಲ್ಲಿ ಸಲ್ಲುತ್ತದೆ. ಚಿತ್ರದಲ್ಲಿರುವ ಕುದುರೆಯನ್ನು ಕಂಡಾಗ ನಾವು ಅದನ್ನು ನಿಜವಾದ ಕುದುರೆಯೆಂದು ತಿಳಿಯುವುದಿಲ್ಲ. ಸುಳ್ಳು ಕುದುರೆಯೆಂದು ತಳ್ಳಿಹಾಕುವುದೂ ಇಲ್ಲ. ಕುದುರೆಯೋ ಅಲ್ಲವೋ ಎಂಬ ಸಂಶಯದಲ್ಲಿ ತೊಳಲುವುದೂ ಇಲ್ಲ. ಈ ಮೂರಕ್ಕೂ ಹೊರತಾದ ಒಂದು ಅರಿವು ಕಲೆಯಿಂದ ನಮಗೆ ದೊರೆಯುತ್ತದೆ. ‘ಆ ಕೋವಿ ಅಸಲಿಯೋ ನಕಲಿಯೋ’ ಎಂದು ಪ್ರೇಕ್ಷಕ ಕೇಳತೊಡಗಿದನೆಂದರೆ ಆ ಅರಿವು ಅವನಿಗೆ ದೊರೆತಿಲ್ಲವೆಂದೇ ಅರ್ಥ.

ಒಮ್ಮೆ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಆಟದಲ್ಲಿ ಮರದ ಬಿಲ್ಲು ನಡೀತದೆ. ಸಿನಿಮಾದಲ್ಲಿ ಕೋವಿ ಮರದ್ದು ಅಂತ ಗೊತ್ತಾದ್ರೆ ಯಾರು ನೋಡ್ತಾರೆ?” ಎಂದು ಕೇಳಿದ. ಆಕ್ಷೇಪ ನ್ಯಾಯವಾದದ್ದೇ. ಆಟದ ಅರ್ಜುನ ಕಿರೀಟ, ಬಣ್ಣ, ಗೆಜ್ಜೆಗಳ ಲೋಕದವನು. ಅಲ್ಲಿ ಎಲ್ಲವೂ ನಾಟ್ಯಧರ್ಮಿ. ಕ್ಯಾಮೆರಾ ಹಾಗಲ್ಲ. ಅದು ಅಂಗಡಿಯ ಫಲಕವನ್ನೂ ಅಂಗಿಯ ಗುಂಡಿಯನ್ನೂ ಇದ್ದಂತೆಯೇ ತೋರಿಸುತ್ತದೆ. ಅಂಥ ಲೋಕದ ನಡುವೆ ಬಣ್ಣ ಬಳಿದ ಮರದ ತುಂಡನ್ನು ತಂದಿಟ್ಟರೆ ಔಚಿತ್ಯ ಕೆಡುತ್ತದೆ. ತೆರೆಯ ಮೇಲಿನ ಕೋವಿ ಕೋವಿಯಂತೆಯೇ ಕಾಣಬೇಕು, ಇದನ್ನು ಒಪ್ಪೋಣ. ಆದರೆ ಕೋವಿಯಂತೆ ಕಾಣುವುದು ಬೇರೆ, ಕೋವಿಯೇ ಆಗಿರುವುದು ಬೇರೆ. ಹುಡುಗನ ಪ್ರಶ್ನೆ ಮೊದಲನೆಯದಕ್ಕೆ ಸಂಬಂಧಿಸಿದ್ದು. ಚಿತ್ರೋದ್ಯಮ ಅದಕ್ಕೆ ಎರಡನೆಯದರಿಂದ ಉತ್ತರ ಕೊಡಲು ಹೋಗಿ ಪಟ್ಟ ಪಾಡು ದೊಡ್ಡದು.

ನಿಜವಸ್ತುವಿನ ಈ ಮೋಹ ಸಿನಿಮಾದೊಂದಿಗೆ ಹುಟ್ಟಿದ್ದಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಜನ ಬೆರಗಾಗಿ ನೋಡಿದರು. 1995ರ ‘ಓಂ’ ಚಿತ್ರದಲ್ಲಿ ನಿರ್ದೇಶಕ ಉಪೇಂದ್ರರು ಬೆಂಗಳೂರಿನ ಭೂಗತಲೋಕದ ಕಥೆಗೆ ನಿಜಜೀವನದ ಕೆಲವು ರೌಡಿಗಳಿಂದಲೇ ಪಾತ್ರ ಮಾಡಿಸಿದರು. ಆನೆಗೆ ತಾನು ನಟಿಸುತ್ತಿದ್ದೇನೆಂಬುದು ತಿಳಿಯದು, ರೌಡಿಗೆ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಕೋವಿಗೆ ಏನೇನೂ ತಿಳಿಯದು. ‘ಇದು ಸಿನಿಮಾ’ ಎಂದು ಅದಕ್ಕೆ ಹೇಳಿ ಒಪ್ಪಿಸುವುದು ಯಾರಿಂದಲೂ ಆಗದು.

ಚಿತ್ರೀಕರಣದಲ್ಲಿ ಬಳಸುವ ಕೋವಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ರಬ್ಬರು, ಫೈಬರು, ಮರಗಳಿಂದ ಮಾಡಿದ ಪ್ರತಿಕೃತಿ. ಅದು ಸಿಡಿಯುವುದೇ ಇಲ್ಲ, ದೂರದ ದೃಶ್ಯಗಳಿಗೆ, ಬೀಳುವ ಏಳುವ ದೃಶ್ಯಗಳಿಗೆ ಸಾಕು. ಎರಡನೆಯದು ನಿಜವಾದ ಕೋವಿಯೇ, ಆದರೆ ಹುಸಿ ತೋಟಾ ಹಾಕಿದ್ದು. ಅದರಲ್ಲಿ ಮದ್ದಿರುತ್ತದೆ, ಗುಂಡಿರುವುದಿಲ್ಲ. ಬೆಂಕಿ, ಹೊಗೆ, ಸದ್ದು ಎಲ್ಲ ಬರುತ್ತವೆ. ಮೂರನೆಯದು ಸಿಡಿಯದ ಕೋವಿಯನ್ನು ಹಿಡಿಸಿ, ಬೆಂಕಿಯ ಮಿಂಚನ್ನು ಮುಂದೆ ಗಣಕಯಂತ್ರದಿಂದ ಬರೆದು ಸೇರಿಸುವುದು. ಅಪಾಯವೆಲ್ಲ ಇರುವುದು ಆ ಎರಡನೆಯ ಬಗೆಯಲ್ಲಿ. ‘ಹುಸಿ’ ಎಂಬ ವಿಶೇಷಣವೇ ಅಲ್ಲಿ ಜನರನ್ನು ಮೈಮರೆಸುತ್ತದೆ.

ಪರದೇಶದ ಮೂರು ನಿದರ್ಶನಗಳನ್ನು ನೋಡೋಣ. 1984ರಲ್ಲಿ ಅಮೆರಿಕದ ‘ಕವರ್ ಅಪ್’ ಎಂಬ ಟೆಲಿವಿಷನ್ ಧಾರಾವಾಹಿಯ ನಟ ಜಾನ್-ಎರಿಕ್ ಹೆಕ್ಸಮ್ ಬಿಡುವಿನ ವೇಳೆಯಲ್ಲಿ ತಮಾಷೆಗೆಂದು ಹುಸಿ ತೋಟಾದ ರಿವಾಲ್ವರನ್ನು ತನ್ನ ಕಣತಲೆಗೆ ಇಟ್ಟು ಕುದುರೆ ಎಳೆದ. ಗುಂಡಿರಲಿಲ್ಲ, ನಿಜ, ಆದರೆ ಅಷ್ಟು ಸಮೀಪದಲ್ಲಿ ಮದ್ದಿನ ಒತ್ತಡವೊಂದೇ ತಲೆಬುರುಡೆಯನ್ನು ಒಡೆಯಲು ಸಾಕಾಯಿತು. 1993ರ ಮಾರ್ಚಿಯಲ್ಲಿ ‘ದ ಕ್ರೋ’ ಚಿತ್ರದ ನಟ ಬ್ರ್ಯಾಂಡನ್ ಲೀ ಸತ್ತದ್ದು ಇನ್ನೂ ವಿಚಿತ್ರವಾದ ರೀತಿಯಲ್ಲಿ. ಸಮೀಪದೃಶ್ಯದಲ್ಲಿ ತೋರಿಸಲೆಂದು ಮದ್ದು ತೆಗೆದ, ಗುಂಡು ಮಾತ್ರ ಉಳಿದ ತೋಟಾಗಳನ್ನು ಮೊದಲು ಹಾಕಿದ್ದರು. ಅವುಗಳೊಂದರಲ್ಲಿ ಕೇಪು ಉಳಿದಿದ್ದು ಅದು ಸಿಡಿದಾಗ ಗುಂಡು ನಳಿಗೆಯೊಳಕ್ಕೆ ಸರಿದು ಅಲ್ಲಿಯೇ ಸಿಕ್ಕಿಕೊಂಡಿತು. ಯಾರೂ ಗಮನಿಸಲಿಲ್ಲ. ಮುಂದೆ ಅದೇ ಕೋವಿಗೆ ಹುಸಿ ತೋಟಾ ಹಾಕಿ ಹಾರಿಸಿದಾಗ ಅದರ ಮದ್ದು ಆ ಗುಂಡನ್ನು ಹೊರಕ್ಕೆ ದೂಡಿತು. ಎರಡು ಸುಳ್ಳುಗಳು ಸೇರಿ ಒಂದು ನಿಜವಾದ ಈಡು! 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಾಗ ಇಂಥ ಗೂಢವೂ ಇರಲಿಲ್ಲ. ಕೋವಿಯಲ್ಲಿದ್ದುದು ಸಜೀವ ತೋಟಾ. ಆಯುಧಗಳ ಹೊಣೆ ಹೊತ್ತಿದ್ದವಳಿಗೆ 2024ರಲ್ಲಿ 18 ತಿಂಗಳ ಸೆರೆಯಾಯಿತು; ಕೋವಿ ಹಿಡಿದಿದ್ದ ನಟ ಅಲೆಕ್ ಬಾಲ್ಡ್‌ವಿನ್ನರ ಮೇಲಿನ ಮೊಕದ್ದಮೆ ಅದೇ ವರ್ಷ ವಜಾ ಆಯಿತು. ಆ ದುರಂತದ ಬೆನ್ನಿಗೇ ‘ದ ರೂಕಿ’ ಎಂಬ ಧಾರಾವಾಹಿಯವರು ಇನ್ನು ಮೇಲೆ ಚಿತ್ರೀಕರಣದಲ್ಲಿ ನಿಜವಾದ ಕೋವಿಯೇ ಬೇಡವೆಂದು ತೀರ್ಮಾನಿಸಿದರು. ಭರತನ ವಿಧಿಗೆ ಹಾಲಿವುಡ್ಡು ಇಷ್ಟು ಬೆಲೆ ತೆತ್ತು ಬಂದು ಸೇರಿತು.

ಕನ್ನಡದಲ್ಲಿ ಇಂಥ ಸಾವೇ ನಡೆಯದಿದ್ದರೂ ನಿಜವಾದ ಕೋವಿಯೊಂದರ ಹೆಸರು ಐವತ್ತು ವರ್ಷಗಳ ಕಾಲ ಗಾಯ ಮಾಡಿದ ಉದಾಹರಣೆಯುಂಟು. 1973ರ ‘ಗಂಧದ ಗುಡಿ’ ಯಾರಿಗೆ ತಿಳಿಯದು? ಎಂ.ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜಕುಮಾರ್ ಅರಣ್ಯಾಧಿಕಾರಿ. ವಿಷ್ಣುವರ್ಧನ್ ಅವರಿಗೆ ಎದುರಾಗಿ ನಿಲ್ಲುವ ಪಾತ್ರ. ಕಾಡನ್ನು ಕಾಯುವವನ ಕೈಯಲ್ಲಿಯೂ ಕೋವಿ, ಕಾಡನ್ನು ದೋಚುವವರ ಕೈಯಲ್ಲಿಯೂ ಕೋವಿ ಎಂಬ ವಿರೋಧದಿಂದಲೇ ಆ ಕಥೆಗೆ ಬಿಗಿ ಬಂದಿದೆ. ಆದರೆ ಚಿತ್ರೀಕರಣದ ಕೋವಿಯಲ್ಲಿ ನಿಜವಾದ ಗುಂಡಿತ್ತಂತೆ ಎಂಬ ಮಾತು ಹೊರಬಿದ್ದು, ಬಾಯಿಂದ ಬಾಯಿಗೆ ಬೆಳೆದು, ಇಬ್ಬರು ನಟರ ಅಭಿಮಾನಿಗಳ ನಡುವೆ ಮುಚ್ಚದ ಬಿರುಕಾಯಿತು. ಆ ಮಾತಿನ ಸತ್ಯಾಸತ್ಯದ ವಿಚಾರಣೆ ವಿಮರ್ಶೆಯ ಕೆಲಸವಲ್ಲ. ವಿಮರ್ಶೆ ಗಮನಿಸಬೇಕಾದದ್ದು ಇಷ್ಟು: ಅಲ್ಲಿದ್ದುದು ಮರದ ಕೋವಿಯೆಂಬುದು ಎಲ್ಲರಿಗೂ ತಿಳಿದಿದ್ದರೆ ಅಂಥದೊಂದು ಮಾತು ಹುಟ್ಟುವುದಕ್ಕೇ ಆಸ್ಪದವಿರಲಿಲ್ಲ. ಆಟದಲ್ಲಿ ಅರ್ಜುನನ ಪಾತ್ರಧಾರಿ ಕರ್ಣನ ಪಾತ್ರಧಾರಿಯನ್ನು ಕೊಲ್ಲಲು ಯತ್ನಿಸಿದನೆಂದು ನಮ್ಮ ಕಡೆ ಯಾರೂ ಹೇಳಿದ್ದಿಲ್ಲ. ಹೇಳುವುದು ಸಾಧ್ಯವೂ ಇಲ್ಲ. ಮರದ ಬಿಲ್ಲು ನಟರ ಪ್ರಾಣವನ್ನು ಮಾತ್ರವಲ್ಲ, ಅವರ ನಡುವಿನ ವಿಶ್ವಾಸವನ್ನೂ ಕಾಯುತ್ತದೆ.

ಇಷ್ಟು ಆಯುಧದ ಮಾತಾಯಿತು. ಇನ್ನು ಚಿತ್ರಗಳ ಮಾತಿಗೆ ಬರೋಣ. 2022ರ ಏಪ್ರಿಲ್‌ನಲ್ಲಿ ತೆರೆಕಂಡ ‘ಕೆ.ಜಿ.ಎಫ್.: ಚಾಪ್ಟರ್ 2’ ಕನ್ನಡದ ಸಾಹಸಚಿತ್ರಗಳಿಗೆ ದೇಶದಲ್ಲೆಲ್ಲ ಹೆಸರು ತಂದಿತು. ಪ್ರಶಾಂತ್ ನೀಲರ ಕಟ್ಟುವಿಕೆಯಲ್ಲಿ ಕಸುವಿದೆ. ಕೋಲಾರದ ಚಿನ್ನದ ಗಣಿಯ ಧೂಳು, ಕತ್ತಲೆ, ಜನಸ್ತೋಮಗಳನ್ನು ಅವರು ಕಾಣಿಸುವ ಬಗೆಯನ್ನು ಮೆಚ್ಚದಿರಲಾಗದು. ಅದರಲ್ಲಿ ಕಲಾಷ್ನಿಕೋವ್ ಬಂದೂಕು ನಾಯಕನಷ್ಟೇ ಆಡಂಬರದಿಂದ ಪ್ರವೇಶ ಮಾಡುತ್ತದೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಯಂತ್ರಕೋವಿಗೆ ‘ದೊಡ್ಡಮ್ಮ’ ಎಂದು ಹೆಸರು. ನಾಯಕ ಅದರಿಂದ ಪೊಲೀಸು ಠಾಣೆಯನ್ನು ಪುಡಿಗೈಯುತ್ತಾನೆ. ಕೊನೆಗೆ ಕೆಂಪಗೆ ಕಾದ ಅದರ ನಳಿಗೆಯಿಂದ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ.

ಆ ಹೆಸರಿನ ಮುಂದೆ ಸ್ವಲ್ಪ ನಿಲ್ಲಬೇಕು. ದೊಡ್ಡಮ್ಮ ಎಂದರೆ ಕನ್ನಡದ ಮನೆಯಲ್ಲಿ ಅಮ್ಮನ ಅಕ್ಕ. ಎಷ್ಟೋ ಊರುಗಳಲ್ಲಿ ಗ್ರಾಮದೇವತೆ. ಚಿತ್ರದ ನಾಯಕನಾದರೋ ತಾಯಿಗೆ ಕೊಟ್ಟ ಮಾತಿಗಾಗಿ ಬದುಕುವವನು. ಕೊಲ್ಲುವ ಯಂತ್ರಕ್ಕೆ ತಾಯಿಯ ಹೆಸರಿಟ್ಟಾಗ ಒಬ್ಬ ಕವಿಯ ಕೈಗೆ ಸಿಕ್ಕಬೇಕಾದ ವಸ್ತು ಸಿಕ್ಕಿದೆ: ಹೊರುವವಳ ಹೆಸರನ್ನು ಕೊಲ್ಲುವುದಕ್ಕೆ ಕೊಟ್ಟವನ ಮನಸ್ಸು ಎಂಥದು? ತಾಯಿಯ ಮಾತನ್ನು ಅವನು ಸರಿಯಾಗಿ ಕೇಳಿಸಿಕೊಂಡಿದ್ದನೆ? ಚಿತ್ರ ಈ ಪ್ರಶ್ನೆಯ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡದೆ, ಸಿಗರೇಟು ಹೊತ್ತಿಸಿಕೊಂಡು ಹಿಂದಿರುಗುತ್ತದೆ. ಕೋವಿಯ ಕೆಂಪನ್ನು ಅಷ್ಟು ಶ್ರದ್ಧೆಯಿಂದ ತೋರಿಸಿದವರು ಅದರೆದುರಿಗೆ ನಿಂತ ಒಬ್ಬನ ಮುಖವನ್ನಾದರೂ ಅಷ್ಟೇ ಶ್ರದ್ಧೆಯಿಂದ ತೋರಿಸಲಿಲ್ಲ. ಲೋಹಕ್ಕೆ ಹೆಸರು ದೊರಕಿತು, ಬಿದ್ದವರಿಗೆ ದೊರಕಲಿಲ್ಲ.

ಅದೇ ಚಿತ್ರದಲ್ಲಿ ಅಧೀರನಾಗಿ ನಟಿಸಿರುವ ಸಂಜಯ ದತ್ತರು ಕಲಾಷ್ನಿಕೋವಿನ ವಂಶದ್ದೇ ಆದ ಎ.ಕೆ. 56 ಬಂದೂಕನ್ನು ಅಕ್ರಮವಾಗಿ ಇಟ್ಟುಕೊಂಡ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ನಿಗದಿಪಡಿಸಿದ 5 ವರ್ಷದ ಶಿಕ್ಷೆಯನ್ನು ಪೂರೈಸಿ 2016ರಲ್ಲಿ ಹೊರಬಂದವರು. ಅವರನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಶಿಕ್ಷೆ ಮುಗಿಸಿದವನ ಲೆಕ್ಕ ತೀರಿತು. ಒಂದು ಕೋವಿಗೆ ಬದುಕಿನಲ್ಲಿ ಎಷ್ಟು ತೂಕವೆಂಬುದನ್ನು ಅವರಷ್ಟು ಬಲ್ಲ ನಟರು ಕಡಿಮೆ. ಅಂಥ ನಟನೇ ಎದುರಿಗಿದ್ದರೂ ಚಿತ್ರದ ಕೋವಿಗೆ ಆ ತೂಕ ಬರಲಿಲ್ಲವೆಂಬುದೇ ನನ್ನ ವ್ಯಥೆ.

ತೂಕ ಬರಬಹುದೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಗಿರೀಶ ಕಾರ್ನಾಡರ 1978ರ ‘ಒಂದಾನೊಂದು ಕಾಲದಲ್ಲಿ’ ಕೂಡ ಸಾಹಸದ ಚಿತ್ರವೇ. ಅಲ್ಲಿ ಕೋವಿಯಿಲ್ಲ, ಕತ್ತಿಯಿದೆ. ಶಂಕರನಾಗರ ಗಂಡುಗಲಿ, ಸುಂದರಕೃಷ್ಣ ಅರಸರ ಪೆರ್ಮಾಡಿ—ಇಬ್ಬರೂ ಯಾರದೋ ದಾಯಾದಿ ಜಗಳದಲ್ಲಿ ಎದುರುಬದುರಾಗಿ ಕತ್ತಿ ಹಿಡಿದವರು. ವೈರಿಗಳಾಗಿದ್ದೇ ಒಬ್ಬರನ್ನೊಬ್ಬರು ಅರಿಯುತ್ತ ಬರುತ್ತಾರೆ. ಆ ಅರಿವು ಹೆಚ್ಚಿದಂತೆಲ್ಲ ಕತ್ತಿ ಎತ್ತುವುದು ಕಷ್ಟವಾಗುತ್ತದೆ. ಅದನ್ನು ನೋಡುವಾಗ ಕತ್ತಿಯ ಅಲಗು ಉಕ್ಕಿನದೋ ತಗಡಿನದೋ ಎಂಬ ಯೋಚನೆ ನನಗೆ ಒಮ್ಮೆಯೂ ಬಂದಿಲ್ಲ.

ಆದರೆ ಈ ವಿಷಯದಲ್ಲಿ ಕೊನೆಯ ಮಾತು ನಮ್ಮ ತಾಳಮದ್ದಲೆಯದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮರದ ಬಿಲ್ಲು ಕೂಡ ಇಲ್ಲ. ಪಂಚೆಯುಟ್ಟು, ಶಾಲು ಹೊದ್ದು, ಚಾಪೆಯ ಮೇಲೆ ಕುಳಿತ ಇಬ್ಬರು. ನಡುವೆ ಭಾಗವತರು, ಮದ್ದಲೆ. ಪ್ರಸಂಗ ವಾಲಿಯ ವಧೆಯದು. ಮರದ ಮರೆಯಿಂದ ಬಂದ ರಾಮನ ಬಾಣ ವಾಲಿಯ ಎದೆಯಲ್ಲಿದೆ ಎಂದು ಭಾಗವತರು ಹಾಡಿ ನಿಲ್ಲಿಸುತ್ತಾರೆ. ಆಮೇಲೆ ವಾಲಿಯ ಅರ್ಥಧಾರಿ ಮಾತನಾಡುತ್ತಾನೆ. ನಿನಗೆ ನಾನು ಮಾಡಿದ ಅಪರಾಧವೇನು? ಎದುರಿಗೇಕೆ ಬರಲಿಲ್ಲ? ಯಾವ ಧರ್ಮ ನಿನಗೆ ಈ ಅಧಿಕಾರ ಕೊಟ್ಟಿತು? ಗಂಟೆಗಟ್ಟಲೆ ಈ ಪ್ರಶ್ನೆಗಳು ಸಾಗುತ್ತವೆ. ರಾಮ ಉತ್ತರ ಕೊಡಲೇಬೇಕು, ಅವನು ದೇವರಾದರೂ ಬಿಡುಗಡೆಯಿಲ್ಲ. ನಾನು ಇಂಥ ಕೂಟಗಳಲ್ಲಿ ಮಧ್ಯರಾತ್ರಿಯವರೆಗೆ ಕುಳಿತವನು. ಇಲ್ಲದ ಆ ಬಾಣದ ನೋವನ್ನು ಸಭೆಯೆಲ್ಲ ಅನುಭವಿಸುವುದನ್ನು ಕಂಡಿದ್ದೇನೆ. ಬಿಟ್ಟವನ ಶೌರ್ಯದಿಂದ ಆ ಬಾಣ ನಿಜವಾದದ್ದಲ್ಲ. ತಗುಲಿಸಿಕೊಂಡವನಿಗೆ ಬಾಯಿ ಇರುವುದರಿಂದ ನಿಜವಾಯಿತು.

ನಮ್ಮ ಸಾಹಸಚಿತ್ರಗಳಲ್ಲಿ ಇಲ್ಲದಿರುವುದು ಇದೇ. ನೂರು ಜನ ಬೀಳುತ್ತಾರೆ, ಒಬ್ಬನಾದರೂ ‘ನನ್ನನ್ನೇಕೆ?’ ಎನ್ನುವುದಿಲ್ಲ. ಈ ಕೊರತೆಯನ್ನು ಮುಚ್ಚಲು ಇನ್ನೂ ದೊಡ್ಡ ಕೋವಿ, ಇನ್ನೂ ಗಟ್ಟಿಯಾದ ಸದ್ದು, ಇನ್ನೂ ಅಸಲಿಯಾದ ಲೋಹವನ್ನು ತರುತ್ತಾರೆ. ಸಾವಿನಲ್ಲಿರಬೇಕಾದ ನಿಜವನ್ನು ಸಲಕರಣೆಯಲ್ಲಿ ಹುಡುಕುವುದೆಂದರೆ ಹೀಗೆಯೇ. ಇದರ ಫಲ ತೆರೆಯಾಚೆಗೂ ಕಾಣುತ್ತಿದೆ. 2025ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಟೆಲಿವಿಷನ್ನಿನಿಂದ ಹೆಸರಾದ ಇಬ್ಬರು ಮಚ್ಚು ಬೀಸುವ ವಿಡಿಯೊ ಮಾಡಿ ಜಾಲತಾಣದಲ್ಲಿ ಹರಿಯಬಿಟ್ಟು ಬಂಧನಕ್ಕೊಳಗಾದರು. ಠಾಣೆಗೆ ಒಪ್ಪಿಸಿದ್ದು ಫೈಬರಿನ ಮಚ್ಚು. ವಿಡಿಯೊದಲ್ಲಿದ್ದುದು ಅದಲ್ಲವೆಂದು ಪೊಲೀಸರು ಹೇಳಿದರು. ಅಸಲಿ ಯಾವುದು, ನಕಲಿ ಯಾವುದೆಂಬ ಚರ್ಚೆಯಲ್ಲಿಯೇ ಪತ್ರಿಕೆಗಳಿಗೆ ದಿನಗಳು ಕಳೆದವು. ಹುಡುಗರೆದುರಿಗೆ ಮಚ್ಚು ಬೀಸುವುದು ಸಂಭ್ರಮವಾದದ್ದು ಹೇಗೆಂದು ಕೇಳಿದವರು ವಿರಳ.

ನಮ್ಮ ಚಿತ್ರಗಾರರಲ್ಲಿ ನನ್ನ ಬಿನ್ನಹ ಎರಡು. ಚಿತ್ರೀಕರಣದ ಅಂಗಳಕ್ಕೆ ಸಿಡಿಯುವ ಕೋವಿ ಬಾರದಿರಲಿ. ಬೆಂಕಿಯ ಮಿಂಚನ್ನು ಗಣಕಯಂತ್ರ ಬರೆದುಕೊಡುವ ಈ ಕಾಲದಲ್ಲಿ ಅದಕ್ಕೊಂದು ಸಮರ್ಥನೆಯೂ ಉಳಿದಿಲ್ಲ. ಬೆಳಕು ಹಿಡಿಯುವ ಹುಡುಗನ ಪ್ರಾಣಕ್ಕಿಂತ ಅಸಲಿಯಾದ ಹೊಗೆ ದೊಡ್ಡದಲ್ಲ. ಎರಡನೆಯದಾಗಿ, ಕಥೆಯಲ್ಲಿ ಕೋವಿ ಹಾರಿದಾಗ ಬಿದ್ದವನ ಕಡೆಗೂ ಒಮ್ಮೆ ಕ್ಯಾಮೆರಾ ತಿರುಗಲಿ. ವಾಲಿಯಷ್ಟು ದೀರ್ಘವಾಗಿ ಅಲ್ಲದಿದ್ದರೂ ಅವನಿಗೆ ಒಂದು ಹೆಸರು, ಒಂದು ಮಾತು ಇರಲಿ. ಪ್ರೇಕ್ಷಕರಾದ ನಾವೂ ಚಿತ್ರಮಂದಿರದಿಂದ ಹೊರಬರುವಾಗ ಕೋವಿ ಯಾವ ದೇಶದ್ದೆಂದು ಕೇಳುವ ಮೊದಲು, ಸತ್ತವನು ಯಾವ ಊರಿನವನೆಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕಾಗಿದೆ.